ಮೇಬಿ ಮಾರ್ಸ್ ಮತ್ತು ಚೀನಾದ ಅಂಡರ್‌ಗ್ರೌಂಡ್ ರಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ರಾಕ್ ಬ್ಯಾಂಡ್‌ಗಳ ಮಾತು ತೆಗೆದರೆ ಗೆಳೆಯರು ಹೆಚ್ಚೂಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಬೀಜಿಂಗ್‌ನ ಮೇಬಿ ಮಾರ್ಸ್ ಎಂಬ ಸಣ್ಣ ಲೇಬಲ್ ಅನ್ನು (ಅಂದರೆ ಹಾಡು ರೆಕಾರ್ಡ್ ಮಾಡಿಸಿ ಆಲ್ಬಂ ತರುವ ಸಂಸ್ಥೆಯನ್ನು) ನಡುವೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಅದರ ಸುತ್ತಮುತ್ತಲಿನ ಸಂಗತಿಗಳೂ ಬರುತ್ತವೆ, ಯಾಕೆಂದರೆ ಅವನ್ನು ಬಿಟ್ಟು ಈ ಲೇಬಲ್‌ನ ಕಥೆ ಹೇಳೋಕಾಗಲ್ಲ.

ಚೀನಾದಲ್ಲಿ ರಾಕ್ ಸಂಗೀತ ಇದೆಯಾ? ಯಾವಾಗಿಂದ?

ಇದೆ, ಮತ್ತು ಚೆನ್ನಾಗೇ ಇದೆ. ಸಾಮಾನ್ಯವಾಗಿ ಎಲ್ಲರೂ 1986ರಿಂದ ಲೆಕ್ಕ ಹಾಕುತ್ತಾರೆ. ಆ ವರ್ಷದ ಮೇ ತಿಂಗಳಲ್ಲಿ ಬೀಜಿಂಗ್‌ನಲ್ಲಿ ನಡೆದ ದೊಡ್ಡ ಕಾರ್ಯಕ್ರಮವೊಂದರಲ್ಲಿ ತ್ಸುಯ್ ಜಿಯೆನ್ ಎಂಬ ಯುವಕ ಪ್ಯಾಂಟಿನ ಕಾಲು ಮಡಚಿಕೊಂಡು ಬಂದು ಹಾಡಿದ. ಆತ ಬೀಜಿಂಗ್‌ನ ವಾದ್ಯವೃಂದವೊಂದರಲ್ಲಿ ಟ್ರಂಪೆಟ್ ಊದುತ್ತಿದ್ದವನು. ಮಾರನೇ ದಿನದಿಂದ ಹುಡುಗರೆಲ್ಲ ಗಿಟಾರ್ ಹಿಡಿದರು ಅಂತ ಹೇಳುವ ರೂಢಿ ಇದೆ. ಅಷ್ಟು ಸಲೀಸಾಗಿ ಆಗಿರಲಿಕ್ಕಿಲ್ಲ, ಆದರೆ ಬಾಗಿಲು ತೆರೆದದ್ದು ನಿಜ.

1994ರ ಹೊತ್ತಿಗೆ ತೈವಾನ್ ಮೂಲದ ಮ್ಯಾಜಿಕ್ ಸ್ಟೋನ್ ಲೇಬಲ್ ಬೀಜಿಂಗ್‌ನ ದೌ ವೇ, ಜಾಂಗ್ ಚು, ಹ ಯೊಂಗ್ ಅವರ ಆಲ್ಬಂಗಳನ್ನು ತಂದು, ಹಾಂಗ್‌ಕಾಂಗ್‌ನಲ್ಲಿ ಅವರದ್ದೊಂದು ಕಾರ್ಯಕ್ರಮವನ್ನೂ ಮಾಡಿಸಿತು. ಅದೊಂದು ಸುಗ್ಗಿ. ಆಮೇಲೆ ಹೊರಗಿನ ದುಡ್ಡು ಹಿಂದೆ ಸರಿಯಿತು. ಉಳಿದವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕಾಯಿತು. ಸ್ವತಂತ್ರ ಲೇಬಲ್‌ಗಳ ಕಥೆ ಶುರುವಾಗುವುದೇ ಇಲ್ಲಿಂದ.

ಹೊರದೇಶದ ರಾಕ್ ಅವರ ಕಿವಿಗೆ ಬಿದ್ದದ್ದು ಹೇಗೆ? ಅಂಗಡಿಯಲ್ಲಿ ಸಿಗುತ್ತಿತ್ತಾ?

ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಗುಜರಿಯಲ್ಲಿ ಸಿಗುತ್ತಿತ್ತು! ಇದು ನನಗೆ ತುಂಬ ಇಷ್ಟದ ಭಾಗ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕ, ಯೂರೋಪಿನ ದೊಡ್ಡ ಕಂಪನಿಗಳು ಮಾರಾಟವಾಗದೆ ಉಳಿದ ಕ್ಯಾಸೆಟ್, ಸಿಡಿಗಳನ್ನು ಪ್ಲಾಸ್ಟಿಕ್ ಗುಜರಿ ಅಂತ ತೂಕಕ್ಕೆ ಮಾರುತ್ತಿದ್ದವು. ಯಾರೂ ಮತ್ತೆ ಮಾರಬಾರದು ಅಂತ ಸಿಡಿಯ ಅಂಚಿಗೆ ಗರಗಸದಿಂದ ಒಂದು ಕಚ್ಚು ಹಾಕುತ್ತಿದ್ದರು. ಆ ಗುಜರಿ ಹಡಗಿನಲ್ಲಿ ದಕ್ಷಿಣ ಚೀನಾಕ್ಕೆ ಬರುತ್ತಿತ್ತು. ಕರಗಿಸಬೇಕಾದ ಮಾಲು ಅದು. ಆದರೆ ಕಣ್ಣು ತಪ್ಪಿಸಿ ಬೀದಿ ಬದಿಯ ಗಾಡಿಗಳಿಗೆ ಬರುತ್ತಿತ್ತು.

ಸಿಡಿ ಓಡುವುದು ಒಳಗಿನ ಸುತ್ತಿನಿಂದ ಹೊರಗಿನ ಅಂಚಿನ ಕಡೆಗೆ. ಹಾಗಾಗಿ ಅಂಚಿನ ಕಚ್ಚು ಕೆಡಿಸುತ್ತಿದ್ದದ್ದು ಕೊನೆಯ ಒಂದೆರಡು ಹಾಡು ಮಾತ್ರ. ಆಲ್ಬಂ ಚಿಕ್ಕದಾಗಿದ್ದರೆ ಏನೂ ಹೋಗುತ್ತಿರಲಿಲ್ಲ. ಕ್ಯಾಸೆಟ್ ಆದರೆ ಕತ್ತರಿಸಿದ ಟೇಪನ್ನು ಅಂಟಿಸಿ, ಬೇರೆ ಡಬ್ಬಿಗೆ ಹಾಕಿ ಕೇಳುತ್ತಿದ್ದರು. ಇವಕ್ಕೆ ಅಲ್ಲಿ ‘ದಾಕೌ’ ಅನ್ನುತ್ತಾರೆ. ಈ ಮಾಲು ಕೇಳಿ ಬೆಳೆದ ಹುಡುಗ ಹುಡುಗಿಯರಿಗೆ ದಾಕೌ ಪೀಳಿಗೆ ಅಂತಲೇ ಹೆಸರಿದೆ.

ಇದರಿಂದ ಆದ ತಮಾಷೆ ಏನಂದರೆ, ಗಾಡಿಯ ಮೇಲೆ 1970ರ ಜರ್ಮನ್ ಬ್ಯಾಂಡೂ 1990ರ ಅಮೆರಿಕನ್ ಬ್ಯಾಂಡೂ ಒಂದೇ ರಾಶಿಯಲ್ಲಿ ಬಿದ್ದಿರುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಹಿಟ್, ಯಾವುದು ತೋಪು ಅಂತ ಹೇಳುವವರೇ ಇಲ್ಲ. ಕವರ್ ಚೆನ್ನಾಗಿದ್ದರೆ ತಗೊಳ್ಳೋದು, ಅಷ್ಟೇ. ಬೀಜಿಂಗ್ ಬ್ಯಾಂಡ್‌ಗಳ ಸಂಗೀತದಲ್ಲಿ ಎಲ್ಲೆಲ್ಲಿಯದೋ ಎಳೆಗಳು ಒಟ್ಟಿಗೆ ಸೇರಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಮೇಬಿ ಮಾರ್ಸ್ ಶುರು ಮಾಡಿದವರು ಯಾರು?

ಮೈಕೇಲ್ ಪೆಟಿಸ್. ಅಮೆರಿಕದವರು, ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಹಣಕಾಸು ಕಲಿಸುವ ಪ್ರೊಫೆಸರ್. ಚೀನಾದ ಸಾಲ, ರಫ್ತು, ಉಳಿತಾಯದ ಬಗ್ಗೆ ಪತ್ರಿಕೆಗಳಲ್ಲಿ ಓದುವವರಿಗೆ ಈ ಹೆಸರು ಪರಿಚಯ ಇರಬಹುದು. ಹೌದು, ಅವರೇ ಇವರು. ವಾಲ್ ಸ್ಟ್ರೀಟ್‌ನಲ್ಲಿ ಕೆಲಸ ಮಾಡಿ ಬಂದವರು. 1980ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲೂ ಒಂದು ಕ್ಲಬ್ ನಡೆಸಿದ್ದರು.

2006ರಲ್ಲಿ ಅವರು ಬೀಜಿಂಗ್‌ನ ವುದಾವ್‌ಕೌ ಬಡಾವಣೆಯಲ್ಲಿ ಡಿ-22 ಎಂಬ ಕ್ಲಬ್ ತೆರೆದರು. ಮರುವರ್ಷ, 2007ರಲ್ಲಿ, ಅಲ್ಲಿ ನುಡಿಸುತ್ತಿದ್ದ ಬ್ಯಾಂಡ್‌ಗಳನ್ನು ರೆಕಾರ್ಡ್ ಮಾಡಲು ಮೇಬಿ ಮಾರ್ಸ್ ಶುರುವಾಯಿತು. ಕ್ಲಬ್ಬಿಗೂ ಲೇಬಲ್‌ಗೂ ಪೆಟಿಸ್ ತಮ್ಮ ಕೈಯಿಂದ ದುಡ್ಡು ಹಾಕಿದ್ದಾರೆ. ಲಾಭ ಮಾಡೋಕೆ ಯಾವ ಅರ್ಥಶಾಸ್ತ್ರಜ್ಞನೂ ಈ ದಾರಿ ಹಿಡಿಯಲ್ಲ ಬಿಡಿ.

ಹಾಗಾದರೆ ಇದು ವಿದೇಶಿಯರು ಕಟ್ಟಿದ ಲೇಬಲ್ ತಾನೇ?

ದುಡ್ಡಿನ ಮಟ್ಟಿಗೆ ಶುರುವಿನಲ್ಲಿ ಹೌದು. ಕಿವಿಯ ಮಟ್ಟಿಗೆ ಅಲ್ಲ. ಲೇಬಲ್‌ನ ಸದ್ದನ್ನು ರೂಪಿಸಿದವರು ಯಾಂಗ್ ಹೈಸೊಂಗ್. 1997ರಲ್ಲಿ ನಾನ್‌ಜಿಂಗ್ ನಗರದಲ್ಲಿ ಹುಟ್ಟಿ ಆಮೇಲೆ ಬೀಜಿಂಗ್‌ಗೆ ಬಂದ ಪಿ.ಕೆ.14 ಬ್ಯಾಂಡಿನ ಗಾಯಕ ಅವರು. ವೇದಿಕೆಯ ಮೇಲೆ ಬಿಗಿಯಾಗಿ ನಿಂತು, ಹಾಡುವುದಕ್ಕಿಂತ ಜಾಸ್ತಿ ಕೂಗಿ ಹೇಳುವ ಧಾಟಿ. ಕವಿಯ ಹಾಗೆ ಬರೆಯುತ್ತಾರೆ. ಲೇಬಲ್‌ನ ಎಷ್ಟೋ ಬ್ಯಾಂಡ್‌ಗಳ ಆಲ್ಬಂ ಸ್ಟುಡಿಯೋದಲ್ಲಿ ಅವರ ಕೈಯಲ್ಲೇ ತಯಾರಾಯಿತು. ಮುಂದಿನ ವರ್ಷಗಳಲ್ಲಿ ಲೇಬಲ್‌ನ ಚುಕ್ಕಾಣಿಯೂ ಬಹುಪಾಲು ಅವರ ಕೈಗೇ ಬಂತು.

ಡಿ-22 ಬಗ್ಗೆ ಎಲ್ಲರೂ ಇಷ್ಟೊಂದು ಮಾತಾಡೋದು ಯಾಕೆ? ಒಂದು ಬಾರ್ ಅಷ್ಟೇ ಅಲ್ವಾ?

ಬಾರೇ. ಇನ್ನೂರು ಜನ ಸೇರಿದರೆ ಉಸಿರಾಡೋಕೆ ಕಷ್ಟವಾಗುವಂಥ ಕಿರಿದಾದ ಜಾಗ. ಆದರೆ ಎಲ್ಲಿತ್ತು ನೋಡಿ. ಪೀಕಿಂಗ್, ತ್ಸಿಂಗ್‌ಹುವಾ ಎರಡೂ ವಿಶ್ವವಿದ್ಯಾಲಯಗಳು ಪಕ್ಕದಲ್ಲೇ ಇದ್ದವು. ಕೇಳುವವರೂ ವಿದ್ಯಾರ್ಥಿಗಳು, ನುಡಿಸುವವರಲ್ಲೂ ಅನೇಕರು ವಿದ್ಯಾರ್ಥಿಗಳು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊಸ ಬ್ಯಾಂಡ್‌ಗೆ ಕೆಟ್ಟದಾಗಿ ನುಡಿಸೋಕೂ ಒಂದು ಜಾಗ ಬೇಕು. ಇವತ್ತು ಹತ್ತು ಜನರ ಮುಂದೆ ಹದಗೆಟ್ಟರೆ ಮುಂದಿನ ವಾರ ಮತ್ತೆ ಕರೆಯಬೇಕು. ಡಿ-22 ಕರೆಯುತ್ತಿತ್ತು. ಝೂಮಿನ್ ನೈಟ್ ಅಂತ ಮಂಗಳವಾರದ ಒಂದು ಸರಣಿ ಇತ್ತು. ಅದರಲ್ಲಿ ರಾಕ್ ಅಂತ ಕರೆಯಲೂ ಕಷ್ಟವಾದ ಪ್ರಯೋಗಗಳು ನಡೆಯುತ್ತಿದ್ದವು. ಅದನ್ನು ನಡೆಸುತ್ತಿದ್ದ ಜು ವೆನ್‌ಬೋ ಆಮೇಲೆ ಅದೇ ಹೆಸರಲ್ಲಿ ಕ್ಯಾಸೆಟ್ ತರುವ ಪುಟ್ಟ ಲೇಬಲ್ ಮಾಡಿದರು. ಮಂಗಳವಾರ ಬಾರಿಗೆ ಯಾರೂ ಬರಲ್ಲ, ಅದಕ್ಕೇ ಆ ದಿನ ಕೊಟ್ಟಿರಬೇಕು ಅಂತ ಅನ್ನಿಸುತ್ತೆ. ಆದರೂ ಕೊಟ್ಟರಲ್ಲ!

2012ರ ಜನವರಿಯಲ್ಲಿ ಡಿ-22 ಮುಚ್ಚಿತು. ಅದೇ ತಂಡ ಹಳೆಯ ಬೀಜಿಂಗ್‌ನ ನಡುವೆ ಎಕ್ಸ್‌ಪಿ ಎಂಬ ಇನ್ನೂ ಚಿಕ್ಕ ಜಾಗ ತೆರೆಯಿತು. ಅದು 2015ರಲ್ಲಿ ಮುಚ್ಚಿತು.

ಇದಕ್ಕೂ ಮುಂಚೆ ಬೀಜಿಂಗ್‌ನಲ್ಲಿ ಏನೂ ಇರಲಿಲ್ಲವಾ?

ಇತ್ತು. ಇದೇ ವುದಾವ್‌ಕೌನಲ್ಲಿ 1990ರ ದಶಕದ ಕೊನೆಯಲ್ಲಿ ಸ್ಕ್ರೀಮ್ ಎಂಬ ಕ್ಲಬ್ ಇತ್ತು. ಅಲ್ಲಿಯ ನಾಲ್ಕು ಪಂಕ್ ಬ್ಯಾಂಡ್‌ಗಳು ‘ಬೇಜಾರಿನ ಸೈನ್ಯ’ ಅಂತ ತಮಗೆ ತಾವೇ ಹೆಸರಿಟ್ಟುಕೊಂಡು 1999ರಲ್ಲಿ ಒಟ್ಟಿಗೆ ಆಲ್ಬಂ ತಂದವು. ಎಲ್ಲವನ್ನೂ ಡಿ-22 ಶುರು ಮಾಡಿತು ಅನ್ನುವವರ ಮಾತನ್ನು ಪೂರ್ತಿ ನಂಬಬೇಡಿ.

ಲೇಬಲ್ ಅಂದರೆ ನಿಜಕ್ಕೂ ಏನು ಕೆಲಸ ಮಾಡುತ್ತೆ? ಈಗ ಎಲ್ಲರೂ ಮನೆಯಲ್ಲೇ ರೆಕಾರ್ಡ್ ಮಾಡಬಹುದಲ್ಲ?

ಮಾಡಬಹುದು. ಆದರೆ ಕಾರ್‌ಸಿಕ್ ಕಾರ್ಸ್ ಬ್ಯಾಂಡಿನ ಉದಾಹರಣೆ ನೋಡಿ. 2005ರಲ್ಲಿ ಮೂವರು ಸೇರಿ ಕಟ್ಟಿದ ಬ್ಯಾಂಡ್. ಜಾಂಗ್ ಶೌವಾಂಗ್ ಗಿಟಾರ್ ಮತ್ತು ಹಾಡು, ಲಿ ವೇಸಿ ಬೇಸ್, ಲಿ ಚಿಂಗ್ ಎಂಬ ಹುಡುಗಿ ಡ್ರಮ್ಸ್. ಡಿ-22ರಲ್ಲಿ ವಾರ ವಾರ ನುಡಿಸಿ ಗಟ್ಟಿಯಾದರು. 2007ರಲ್ಲಿ ಮೇಬಿ ಮಾರ್ಸ್ ಅವರ ಮೊದಲ ಆಲ್ಬಂ ತಂದಿತು, ಯಾಂಗ್ ಹೈಸೊಂಗ್ ಪ್ರೊಡ್ಯೂಸರ್. ಅದೇ ವರ್ಷ ನ್ಯೂಯಾರ್ಕ್‌ನ ಸೋನಿಕ್ ಯೂತ್ ಬ್ಯಾಂಡ್ ಬೀಜಿಂಗ್‌ಗೆ ಬಂದಾಗ ಇವರೇ ಮೊದಲು ನುಡಿಸಬೇಕಿತ್ತು. ಕೊನೇ ಗಳಿಗೆಯಲ್ಲಿ ಅಧಿಕಾರಿಗಳು ಬೇಡ ಅಂದರು. ಸೋನಿಕ್ ಯೂತ್ ಸುಮ್ಮನಾಗಲಿಲ್ಲ. ಕೆಲವೇ ತಿಂಗಳಲ್ಲಿ ಪ್ರಾಗ್ ಮತ್ತು ವಿಯೆನ್ನಾದ ತಮ್ಮ ಕಾರ್ಯಕ್ರಮಗಳಿಗೆ ಇವರನ್ನು ಕರೆಸಿಕೊಂಡಿತು. 2009ರಲ್ಲಿ ಇವರು ಪಿ.ಕೆ.14 ಜೊತೆ ಅಮೆರಿಕ ಸುತ್ತಿದರು. ಎರಡನೇ ಆಲ್ಬಂ ಅನ್ನು ಸೋನಿಕ್ ಯೂತ್ ಜೊತೆ ಕೆಲಸ ಮಾಡಿದ್ದ ವಾರ್ಟನ್ ಟಿಯರ್ಸ್ ಪ್ರೊಡ್ಯೂಸ್ ಮಾಡಿದರು.

ಇದರಲ್ಲಿ ಹಾಡು ಬರೆಯುವುದೊಂದು ಬಿಟ್ಟು ಉಳಿದ ಎಲ್ಲದಕ್ಕೂ ಬೇರೆಯವರು ಬೇಕು. ಸ್ಟುಡಿಯೋ ಬಾಡಿಗೆ ಕಟ್ಟಬೇಕು, ವೀಸಾ ಕಾಗದ ಹಿಡಿದು ಓಡಾಡಬೇಕು, ಹೊರದೇಶದ ಕ್ಲಬ್ಬಿಗೆ ಇಂಗ್ಲಿಷಿನಲ್ಲಿ ಈಮೇಲ್ ಬರೆಯಬೇಕು, ಕವರ್ ಮಾಡಿಸಬೇಕು. ಇಪ್ಪತ್ತೆರಡು ವರ್ಷದ ಗಿಟಾರಿಸ್ಟ್‌ಗಳು ಇದನ್ನೆಲ್ಲ ಮಾಡಲ್ಲ. ಮಾಡಿದರೂ ಕೆಟ್ಟದಾಗಿ ಮಾಡುತ್ತಾರೆ. ಲೇಬಲ್ ಇರೋದು ಇದಕ್ಕೇ.

ಸರ್ಕಾರದ ಅನುಮತಿ ಬೇಕಾ?

ಬೇಕು, ಎರಡು ಕಡೆ. ಮೊದಲನೆಯದು ಆಲ್ಬಂಗೆ. ಚೀನಾದಲ್ಲಿ ಖಾಸಗಿ ಲೇಬಲ್ ನೇರವಾಗಿ ಸಿಡಿ ಪ್ರಕಟಿಸುವಂತಿಲ್ಲ. ಪರವಾನಗಿ ಇರುವ ಪ್ರಕಾಶನ ಸಂಸ್ಥೆಯ ಮೂಲಕ ಹೋಗಿ, ಹಾಡಿನ ಸಾಹಿತ್ಯ ಒಪ್ಪಿಸಿ, ಒಂದು ನಂಬರ್ ಪಡೆಯಬೇಕು. ಆ ನಂಬರ್ ಇದ್ದರೆ ಮಾತ್ರ ಅಂಗಡಿಯಲ್ಲಿ ಮಾರಬಹುದು. ಎರಡನೆಯದು ಕಾರ್ಯಕ್ರಮಕ್ಕೆ. ಸ್ಥಳೀಯ ಸಂಸ್ಕೃತಿ ಇಲಾಖೆಗೆ ಹಾಡುಗಳ ಪಟ್ಟಿ, ಸಾಹಿತ್ಯ ಕೊಡಬೇಕು. ವಿದೇಶಿ ಕಲಾವಿದರಿದ್ದರೆ ಇನ್ನೂ ಬಿಗಿ. 2008ರಲ್ಲಿ ಐಸ್‌ಲ್ಯಾಂಡ್‌ನ ಗಾಯಕಿ ಬ್ಯೋರ್ಕ್ ಶಾಂಘೈ ವೇದಿಕೆಯಲ್ಲಿ ಟಿಬೆಟ್ ಹೆಸರು ಕೂಗಿದ ಮೇಲೆ ಅದು ಮತ್ತಷ್ಟು ಬಿಗಿಯಾಯಿತು.

ಸಣ್ಣ ಕ್ಲಬ್ಬುಗಳ ಕಡೆ ಅಧಿಕಾರಿಗಳ ಗಮನ ಕಡಿಮೆ. ನೂರು ಜನ ಸೇರುವ ಬಾರಿನಲ್ಲಿ ನಡೆದುಹೋಗುವುದು ಮೈದಾನದ ಉತ್ಸವದಲ್ಲಿ ನಡೆಯಲ್ಲ. ಆದರೆ ದೇಶದಲ್ಲಿ ದೊಡ್ಡ ಸಮಾರಂಭ ಇದ್ದಾಗ ಸಣ್ಣವರಿಗೂ ಬಿಸಿ ತಟ್ಟುತ್ತೆ. ಫೈರ್ ಸೇಫ್ಟಿ, ಲೈಸೆನ್ಸ್ ಅಂತ ಏನಾದರೊಂದು ಕಾರಣ ಸಿಗುತ್ತೆ. ಇಂಥ ಕಾರಣಗಳು ನಮಗೇನೂ ಹೊಸದಲ್ಲ, ಅಲ್ವಾ?

ಈ ಬ್ಯಾಂಡ್‌ಗಳೆಲ್ಲ ಸರ್ಕಾರದ ವಿರುದ್ಧ ಹಾಡುತ್ತವಾ?

ಎಲ್ಲರೂ ಕೇಳೋದು ಇದನ್ನೇ. ನನಗೆ ಕಿರಿಕಿರಿಯಾಗುವ ಪ್ರಶ್ನೆಯೂ ಇದೇ.

ಕೆಲವರು ಹಾಡುತ್ತಾರೆ. ವುಹಾನ್‌ನ ಎಸ್‌ಎಂಜೆಡ್‌ಬಿ 1996ರಿಂದ ಇರುವ ಪಂಕ್ ಬ್ಯಾಂಡ್, ಅವರ ಮಾತು ನೇರ. ಅದಕ್ಕೆ ಬೆಲೆಯೂ ತೆರಬೇಕಾಗುತ್ತೆ. 2019ರಲ್ಲಿ ನಾನ್‌ಜಿಂಗ್‌ನ ಹಾಡುಗಾರ ಲಿ ಜಿ ಅವರ ಪ್ರವಾಸ ರದ್ದಾಯಿತು, ಅವರ ಹಾಡುಗಳು ಚೀನಾದ ಆ್ಯಪ್‌ಗಳಿಂದ ಒಂದೊಂದಾಗಿ ಮಾಯವಾದವು. ಈ ಭಯ ಸುಳ್ಳಲ್ಲ.

ಆದರೆ ಹೆಚ್ಚಿನ ಬ್ಯಾಂಡ್‌ಗಳು ಹಾಡೋದು ಬೇಜಾರು, ಕುಡಿತ, ಪ್ರೀತಿ, ಬಾಡಿಗೆ ಮನೆ, ಬದಲಾಗುತ್ತಿರುವ ಊರಿನ ಬಗ್ಗೆ. ಕಾರ್‌ಸಿಕ್ ಕಾರ್ಸ್ ಬ್ಯಾಂಡಿನ ಅತಿ ಪ್ರಸಿದ್ಧ ಹಾಡು ಜೊಂಗ್‌ನಾನ್‌ಹೈ. ಅದು ಒಂದು ಅಗ್ಗದ ಸಿಗರೇಟಿನ ಹೆಸರು. ಚೀನಾದ ನಾಯಕರು ಇರುವ ಆವರಣದ ಹೆಸರೂ ಅದೇ. ಹೊರಗಿನ ಪತ್ರಕರ್ತರೆಲ್ಲ ಎರಡನೆಯದನ್ನೇ ಹಿಡಿದುಕೊಂಡರು. ಅಲ್ಲಿಯ ಹುಡುಗರು ಏನು ಮಾಡುತ್ತಾರೆ ಗೊತ್ತಾ? ಆ ಹಾಡು ಶುರುವಾದ ತಕ್ಷಣ ಜೇಬಿನಿಂದ ಸಿಗರೇಟು ತೆಗೆದು ವೇದಿಕೆಗೆ ಎಸೆಯುತ್ತಾರೆ. ಗಿಟಾರ್ ಮೇಲೆ, ಡ್ರಮ್ಸ್ ಮೇಲೆ ಸಿಗರೇಟಿನ ಮಳೆ. ರಾಜಕೀಯ ಅನ್ನಿ, ತರಲೆ ಅನ್ನಿ, ಎರಡೂ ಅನ್ನಿ. ಆದರೆ ಬಂಡಾಯ ಎಷ್ಟಿದೆ ಅಂತ ಅಳೆದು ಸಂಗೀತಕ್ಕೆ ಅಂಕ ಕೊಡಬೇಡಿ. ಅಮೆರಿಕದ ಬ್ಯಾಂಡ್‌ಗೆ ಯಾರೂ ಹಾಗೆ ಮಾಡಲ್ಲ. ಗಿಟಾರ್ ಹೇಗೆ ಕೂಗುತ್ತೆ ಅಂತ ಕೇಳುತ್ತಾರೆ.

ಯಾವ ಭಾಷೆಯಲ್ಲಿ ಹಾಡುತ್ತಾರೆ?

ಮೊದಮೊದಲು ಇಂಗ್ಲಿಷ್ ಜಾಸ್ತಿ. ಜಾಯ್‌ಸೈಡ್, ಸ್ನ್ಯಾಪ್‌ಲೈನ್, ಹೆಡ್ಜ್‌ಹಾಗ್ ಬ್ಯಾಂಡ್‌ಗಳ ಆರಂಭದ ಹಾಡುಗಳಲ್ಲಿ ಬಹುಪಾಲು ಇಂಗ್ಲಿಷೇ. ಕೇಳಿ ಬೆಳೆದದ್ದು ಅದು, ಹಾಗಾಗಿ ಬಾಯಿಗೆ ಬಂದದ್ದೂ ಅದು. ಪಿ.ಕೆ.14 ಮಾತ್ರ ಶುರುವಿನಿಂದ ಚೀನೀ ಭಾಷೆಯನ್ನೇ ಹಿಡಿದುಕೊಂಡಿತು, ಮತ್ತು ಆಮೇಲೆ ಬಂದವರು ಆ ಕಡೆಗೇ ವಾಲಿದರು. ಗ್ವಾಂಗ್‌ಡಾಂಗ್ ಪ್ರಾಂತ್ಯದ ವುತಿಯಾವ್‌ರೆನ್ ಇನ್ನೂ ಮುಂದೆ ಹೋಗಿ ತಮ್ಮ ಹೈಫೆಂಗ್ ತಾಲ್ಲೂಕಿನ ಆಡುಮಾತಿನಲ್ಲೇ ಹಾಡುತ್ತಾರೆ. ಅದು ಬೀಜಿಂಗ್‌ನವರಿಗೂ ಅರ್ಥವಾಗಲ್ಲ, ಆದರೂ ಜನ ಕುಣಿಯುತ್ತಾರೆ.

ಹುಡುಗಿಯರ ಬ್ಯಾಂಡ್ ಇವೆಯಾ?

ಹ್ಯಾಂಗ್ ಆನ್ ದಿ ಬಾಕ್ಸ್ ಅನ್ನು ಮರೆಯುವಂತಿಲ್ಲ. 1998ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಪಂಕ್ ಬ್ಯಾಂಡ್, ಎಲ್ಲರೂ ಹುಡುಗಿಯರು. ಮರುವರ್ಷವೇ ನ್ಯೂಸ್‌ವೀಕ್ ಮುಖಪುಟಕ್ಕೆ ಬಂದರು. ಆದರೂ ಅವರ ಮೊದಲ ಆಲ್ಬಂ ತಂದದ್ದು ಜಪಾನಿನ ಬೆಂಟೆನ್ ಎಂಬ ಲೇಬಲ್. ಮೇಬಿ ಮಾರ್ಸ್ ಕಡೆಯಿಂದ ಅವರ್‌ಸೆಲ್ಫ್ ಬಿಸೈಡ್ ಮಿ ಎಂಬ ಹುಡುಗಿಯರ ಬ್ಯಾಂಡ್ ಕೇಳಿ. ಚೆಂಗ್ದುವಿನ ಹೈಪರ್‌ಸನ್ ಬ್ಯಾಂಡಿನ ಗಾಯಕಿಯೂ ಜೋರು, ಅವರ ಮೊದಲ ಆಲ್ಬಂ 2015ರಲ್ಲಿ ಇದೇ ಲೇಬಲ್‌ನಿಂದ ಬಂತು.

ಇದರಿಂದ ಹೊಟ್ಟೆ ತುಂಬುತ್ತಾ?

ಇಲ್ಲ. ಹೆಚ್ಚಿನವರಿಗೆ ಬೇರೆ ಕೆಲಸ ಇರುತ್ತೆ. ಹೆಡ್ಜ್‌ಹಾಗ್‌ನ ಗಿಟಾರಿಸ್ಟ್ ಬಹುಕಾಲ ಸಾಫ್ಟ್‌ವೇರ್ ಪ್ರೋಗ್ರಾಮರ್ ಆಗಿದ್ದರು. ಬೆಂಗಳೂರಿನ ಎಷ್ಟೋ ಬ್ಯಾಂಡ್‌ಗಳವರಿಗೆ ಇದು ತಮ್ಮದೇ ಕಥೆ ಅನ್ನಿಸಬಹುದು.

ಲೇಬಲ್‌ಗಳ ಪಾಡು ಇನ್ನೂ ವಿಚಿತ್ರ. ಮೇಬಿ ಮಾರ್ಸ್ ಶುರುವಾದ ಕಾಲಕ್ಕೆ ಚೀನಾದಲ್ಲಿ ಹಾಡು ಅಂದರೆ ಪುಕ್ಕಟೆ ಸಿಗುವ ವಸ್ತು. ಹೆಸರು ಹಾಕಿ ಹುಡುಕಿದರೆ ಎಂಪಿ3 ಸಿಗುತ್ತಿತ್ತು, ಯಾರು ದುಡ್ಡು ಕೊಡುತ್ತಾರೆ? 2015ರ ಜುಲೈನಲ್ಲಿ ಸರ್ಕಾರ ಅನುಮತಿ ಇಲ್ಲದ ಹಾಡುಗಳನ್ನು ತೆಗೆಯಿರಿ ಅಂತ ಮ್ಯೂಸಿಕ್ ಆ್ಯಪ್‌ಗಳಿಗೆ ಗಡುವು ಕೊಟ್ಟಿತು. 22 ಲಕ್ಷ ಹಾಡುಗಳು ಇಳಿದವು. ಅಲ್ಲಿಂದ ಸ್ಟ್ರೀಮಿಂಗ್‌ನಿಂದ ಚೂರುಪಾರು ಕಾಸು ಬರೋಕೆ ಶುರುವಾಯಿತು. ಸಣ್ಣ ಬ್ಯಾಂಡ್‌ಗಳ ಹಾಡು ಹುಡುಕುವವರಿಗೆ ಶಿಯಾಮಿ ಎಂಬ ಆ್ಯಪ್ ಅಚ್ಚುಮೆಚ್ಚಾಗಿತ್ತು, ಅದು 2021ರ ಫೆಬ್ರವರಿಯಲ್ಲಿ ಬಂದ್ ಆಯಿತು. ಈಗಲೂ ನಿಜವಾದ ಸಂಪಾದನೆ ಕಾರ್ಯಕ್ರಮದ ಟಿಕೆಟ್ ಮತ್ತು ಬಾಗಿಲ ಬಳಿ ಮಾರುವ ಟೀ ಶರ್ಟ್‌ಗಳಿಂದಲೇ.

ಮಾಡರ್ನ್ ಸ್ಕೈ ಅಂತ ಇನ್ನೊಂದು ಹೆಸರು ಕೇಳಿದ್ದೇನೆ. ಅದೂ ಇಂಥದ್ದೇನಾ?

ಶುರುವಾದದ್ದು ಇಂಥದ್ದಾಗಿಯೇ. 1997ರಲ್ಲಿ ಸೋಬರ್ ಬ್ಯಾಂಡಿನ ಗಾಯಕ ಶೆನ್ ಲಿಹುಯಿ ಕಟ್ಟಿದ್ದು. ಈಗ ಅದು ದೊಡ್ಡ ಕಂಪನಿ. 2009ರಿಂದ ನಡೆಸುವ ಸ್ಟ್ರಾಬೆರಿ ಉತ್ಸವ ಊರೂರಿಗೆ ಹೋಗುತ್ತೆ. ದೊಡ್ಡದಾದದ್ದು ತಪ್ಪೇನಲ್ಲ. ಬ್ಯಾಂಡ್‌ಗಳಿಗೆ ಸಂಬಳದಂಥ ದುಡ್ಡು ಬಂದದ್ದು ಉತ್ಸವಗಳಿಂದಲೇ. ಆದರೆ ಹತ್ತು ಸಾವಿರ ಜನರ ಮೈದಾನಕ್ಕೆ ಒಗ್ಗುವ ಹಾಡು ಬೇರೆ, ಇನ್ನೂರು ಜನರ ಕೋಣೆಯ ಹಾಡು ಬೇರೆ. ಮೇಬಿ ಮಾರ್ಸ್ ಎರಡನೆಯದನ್ನೇ ನೆಚ್ಚಿಕೊಂಡಿತು. ನನ್ನ ಒಲವೂ ಅಲ್ಲೇ.

ಇನ್ನೂ ಚಿಕ್ಕವೂ ಇವೆ. 2011ರಲ್ಲಿ ಶುರುವಾದ ಗೆನ್‌ಜಿಂಗ್, ಏಳು ಇಂಚಿನ ವಿನೈಲ್ ತಟ್ಟೆಯ ಒಂದು ಬದಿಗೆ ಚೀನಾದ ಬ್ಯಾಂಡ್, ಇನ್ನೊಂದು ಬದಿಗೆ ಹೊರದೇಶದ ಬ್ಯಾಂಡ್ ಹಾಕಿ ತಂದಿತು. ಆ ತಟ್ಟೆ ಎರಡು ದೇಶದಲ್ಲೂ ಮಾರಾಟವಾಗುತ್ತೆ, ಎರಡೂ ಬ್ಯಾಂಡ್‌ಗಳ ಪರಿಚಯವಾಗುತ್ತೆ. ಜಾಣತನದ ಕೆಲಸ.

ಟಿವಿ ಶೋ ಬಂದಮೇಲೆ ಎಲ್ಲ ಬದಲಾಯಿತಂತೆ, ಹೌದಾ?

2019ರ ಬೇಸಿಗೆಯಲ್ಲಿ ಐಚೀಯಿ ಎಂಬ ಚೀನಾದ ವಿಡಿಯೊ ಸ್ಟ್ರೀಮಿಂಗ್ ವೇದಿಕೆ ಬ್ಯಾಂಡ್‌ಗಳ ಸ್ಪರ್ಧೆಯ ಕಾರ್ಯಕ್ರಮ ಶುರು ಮಾಡಿತು. ನ್ಯೂ ಪ್ಯಾಂಟ್ಸ್ ಗೆದ್ದಿತು. ಹೆಡ್ಜ್‌ಹಾಗ್ ಕೊನೆಯ ಐದರಲ್ಲಿ ಬಂತು. ಮರುವರ್ಷ ರೀ-ಟ್ರೋಸ್ ಗೆದ್ದಿತು, ಜಾಯ್‌ಸೈಡ್ ಕೂಡ ಬಂದಿತ್ತು. ಇಪ್ಪತ್ತು ವರ್ಷ ಬಾರುಗಳಲ್ಲಿ ನುಡಿಸಿದವರ ಮುಖ ರಾತ್ರೋರಾತ್ರಿ ಮನೆಮನೆಗೆ ಗೊತ್ತಾಯಿತು. ಅವರಿಗೆ ಒಳ್ಳೆಯದೇ ಆಯಿತು. ಆದರೆ ಶೋಗೆ ಹೋಗದ ಬ್ಯಾಂಡ್‌ಗಳ ಕೋಣೆ ಅಷ್ಟೇನೂ ತುಂಬಲಿಲ್ಲ. ಹೊಸ ಪ್ರೇಕ್ಷಕರು ಹೆಸರು ಗೊತ್ತಿದ್ದ ಕಡೆಗೇ ಹೋದರು. ಸಣ್ಣ ಲೇಬಲ್‌ನ ಕೆಲಸ ಇದರಿಂದ ಹಗುರ ಆಗಲಿಲ್ಲ.

ಎಲ್ಲಾ ಬೀಜಿಂಗ್‌ನಲ್ಲೇನಾ?

ಅಲ್ಲ. ವುಹಾನ್‌ನಲ್ಲಿ ವಾಕ್ಸ್, ಶಾಂಘೈನಲ್ಲಿ ಯುಯಿನ್‌ತಾಂಗ್, ಚೆಂಗ್ದುವಿನಲ್ಲಿ 1997ರಿಂದ ಇರುವ ಲಿಟಲ್ ಬಾರ್, ಇವೆಲ್ಲ ಇಂಥದ್ದೇ ಕ್ಲಬ್ಬುಗಳು. ಪ್ರತಿ ಊರಿನ ಬ್ಯಾಂಡ್‌ಗಳ ಹಿಂದೆ ಇಂಥದ್ದೊಂದು ಜಾಗ ಸಿಗುತ್ತೆ. ಮೇಬಿ ಮಾರ್ಸ್‌ನಲ್ಲೂ ವುಹಾನ್‌ನ ಎವಿ ಒಕುಬೊ ಇದೆ.

ಯಾವುದರಿಂದ ಕೇಳೋಕೆ ಶುರು ಮಾಡಲಿ?

ಕಾರ್‌ಸಿಕ್ ಕಾರ್ಸ್ ಬ್ಯಾಂಡಿನ ಮೊದಲ ಆಲ್ಬಂ. ಗಿಟಾರ್ ಗದ್ದಲ ಇಷ್ಟವಾದರೆ ಮುಂದೆ ಪಿ.ಕೆ.14 ಬ್ಯಾಂಡಿನ 2008ರ ಆಲ್ಬಂ. ಗದ್ದಲ ಬೇಡ, ತೇಲಾಡುವಂಥದ್ದು ಬೇಕು ಅಂದರೆ ಚುಯ್ ವಾನ್. ಡ್ರಮ್ ಮಶೀನಿನ ಒಣ ಸದ್ದು ಹಿಡಿಸುತ್ತೆ ಅಂದರೆ ಸ್ನ್ಯಾಪ್‌ಲೈನ್, ಅದರಲ್ಲೂ ಲಿ ಚಿಂಗ್, ಲಿ ವೇಸಿ ಇದ್ದಾರೆ. ಹೊಸಬರು ಬೇಕಾದರೆ ಲೋನ್ಲಿ ಲಿಯರಿ. ಮೊದಲ ಸಲ ಮನೆಯವರ ಮುಂದೆ ಸ್ಪೀಕರ್‌ನಲ್ಲಿ ಹಾಕಬೇಡಿ, ಹೆಡ್‌ಫೋನ್ ಒಳ್ಳೆಯದು.

ಇಂಡಿಯಾದಲ್ಲಿ ಕೂತು ಇವನ್ನೆಲ್ಲ ಕೇಳಬಹುದಾ, ಕೊಳ್ಳಬಹುದಾ?

ಕೇಳಬಹುದು. ಕ್ಯೂಕ್ಯೂ ಮ್ಯೂಸಿಕ್ ಆಗಲ್ಲ, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು. ಬ್ಯಾಂಡ್‌ಗಳ ಸುದ್ದಿ ಸಿಗುವ ವೀಚಾಟ್, ವೇಬೋ ಕೂಡ ಆ ಪಟ್ಟಿಯಲ್ಲಿದ್ದವು. ಸ್ಪಾಟಿಫೈನಲ್ಲಿ ಮೇಲೆ ಹೇಳಿದ ಹೆಸರುಗಳಲ್ಲಿ ಹಲವು ಸಿಗುತ್ತವೆ. ದುಡ್ಡು ಅವರ ಕೈ ಸೇರಬೇಕು ಅಂದರೆ ಬ್ಯಾಂಡ್‌ಕ್ಯಾಂಪ್ ಮೇಲು. ಮೇಬಿ ಮಾರ್ಸ್ ಅಲ್ಲಿ ತನ್ನದೇ ಪುಟ ಇಟ್ಟುಕೊಂಡಿದೆ. ಡಿಜಿಟಲ್ ಆಲ್ಬಂ ಕೊಂಡರೆ ಸಾಕು. ವಿನೈಲ್ ತರಿಸುವ ಆಸೆ ಇದ್ದರೆ ಮೊದಲು ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸುಂಕ ಎಷ್ಟಾಗುತ್ತೆ ನೋಡಿಕೊಳ್ಳಿ, ಒಮ್ಮೊಮ್ಮೆ ಅದು ತಟ್ಟೆಯ ಬೆಲೆಯನ್ನೇ ಮೀರುತ್ತೆ. ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಸ್ವಲ್ಪ ಹಂಚಿಹೋಗುತ್ತೆ.